ಗೆರೆಯಮ್ಮನ ಗ್ರಾಫ್ ಹಾಳೆ

"ಒಪ್ಪೊತ್ತೋ, ಉಪವಾಸಾನೋ?"

ಶಿಡ್ಲಘಟ್ಟದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೂರು ಮೆಟ್ಟಿಲು ಹತ್ತಿ, ಹಸಿರು ಪರದೆ ಸರಿಸಿದವರಿಗೆ ಮೊದಲು ಕೇಳಿಸುತ್ತಿದ್ದದ್ದು ಈ ಪ್ರಶ್ನೆ. ನಮಸ್ಕಾರವಿಲ್ಲ, ಬನ್ನಿ ಕೂತ್ಕೊಳ್ಳಿ ಎನ್ನುವುದಿಲ್ಲ. ದಾರಕ್ಕೆ ಕಟ್ಟಿದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಪೊಲೀಸರು ಲೈಸೆನ್ಸ್ ಕೇಳುವ ಗತ್ತಿನಲ್ಲಿ ಆಕೆ ಕೇಳುತ್ತಿದ್ದರು. ಇಪ್ಪತ್ತಾರು ವರ್ಷ ಆ ಪುಟ್ಟ ರಕ್ತಪರೀಕ್ಷೆಯ ಲ್ಯಾಬನ್ನು ಒಬ್ಬರೇ ನಡೆಸಿ, ಹೋದ ತಿಂಗಳು ಬಾಗಿಲು ಹಾಕಿ ದಿಬ್ಬೂರಹಳ್ಳಿಯ ತಮ್ಮ ಹಿಪ್ಪುನೇರಳೆ ತೋಟಕ್ಕೆ ಹೋಗಿಬಿಟ್ಟರು. ಊರಿನಲ್ಲಿ ಅವರ ನಿಜವಾದ ಹೆಸರು ಗೊತ್ತಿದ್ದವರು ಕಡಿಮೆ. ಎಲ್ಲರ ಬಾಯಲ್ಲೂ ಅವರು ಗೆರೆಯಮ್ಮ. ಆ ಹೆಸರು ಯಾಕೆ ಬಂತು ಅಂತ ಹೇಳುತ್ತೇನೆ, ಸ್ವಲ್ಪ ತಾಳಿ. ಮೊದಲು ಒಪ್ಪೊತ್ತಿನ ವಿಷಯ.

ನಮ್ಮ ಸೀಮೆಯಲ್ಲಿ ಶನಿವಾರ ಒಪ್ಪೊತ್ತು ಮಾಡುವವರು ಬಹಳ ಜನ. ಒಪ್ಪೊತ್ತು ಎಂದರೆ ದಿನಕ್ಕೆ ಒಂದೇ ಸಲ ಊಟ. ಆದರೆ ಊಟ ಎಂದರೆ ಅನ್ನ, ಮುದ್ದೆ ಮಾತ್ರ. ಉಪ್ಪಿಟ್ಟು, ಚಪಾತಿ, ಅವಲಕ್ಕಿ ಇವೆಲ್ಲ ತಿಂಡಿ. ತಿಂಡಿ ತಿಂದರೆ ಉಪವಾಸ ಕೆಡುವುದಿಲ್ಲ ಎಂಬುದು ನಮ್ಮ ತಾತಂದಿರ ಕಾಲದಿಂದ ಬಂದ ತೀರ್ಮಾನ. ಹೀಗಿರುವಾಗ ಡಾಕ್ಟರು "ಕೊಬ್ಬಿನ ಪರೀಕ್ಷೆಗೆ ಉಪವಾಸ ಇದ್ಕೊಂಡು ಹೋಗಿ" ಎಂದು ಬರೆದುಕೊಟ್ಟರೆ ನಮ್ಮ ಜನ ಏನು ಮಾಡುತ್ತಾರೆ? ಭಕ್ತಿಯಿಂದ ಒಂದು ತಟ್ಟೆ ಉಪ್ಪಿಟ್ಟು ಮುಗಿಸಿ, ಬಾಯಿ ಒರೆಸಿಕೊಂಡು ಬರುತ್ತಾರೆ.

ಚಿಂತಾಮಣಿ ಕಡೆಯ ಹೂವಿನ ತೋಟದವರೊಬ್ಬರು ಹೀಗೆ ಬಂದಿದ್ದಾಗ ನಾನು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ.

"ಏನೂ ತಿಂದಿಲ್ಲ ತಾಯಿ, ಕಟ್ಟುನಿಟ್ಟು ಉಪವಾಸ" ಎಂದರು ಆತ.

"ಮೀಸೆ ಮೇಲೆ ಸಾಸಿವೆ ಕಾಳು ಕೂತೈತಲ್ಲಣ್ಣ, ಅದೇನು ರಾತ್ರಿ ಹಾರಿ ಬಂತಾ?"

"ಅದು... ಉಪ್ಪಿಟ್ಟು ಅಷ್ಟೇ. ಊಟ ಮಾಡಿಲ್ಲ, ಆಣೆಗೂ!"

ಬೆಂಚಿನ ಮೇಲಿದ್ದ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಕೆ ನಗಲಿಲ್ಲ. ಸರಿ, ಇವತ್ತಿನದು ಪುಕ್ಕಟೆ ಎಂದು ಹೇಳಿ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ ತಂದು ನಳಿಕೆಯನ್ನು ಆತನ ಕಣ್ಣ ಮುಂದೆ ಹಿಡಿದರು. ಕೆಳಗೆ ಕೆಂಪು ಕುಳಿತಿತ್ತು. ಮೇಲೆ ತಿಳಿಯಾಗಿ ನಿಲ್ಲಬೇಕಾದ ನೀರು ಮಜ್ಜಿಗೆ ಬೆರೆಸಿದ ಹಾಗೆ ಬೆಳ್ಳಗಿತ್ತು. ಪಕ್ಕದಲ್ಲಿ ಇನ್ನೊಂದು ನಳಿಕೆ ಹಿಡಿದರು. ಅದರ ಮೇಲ್ಭಾಗ ಒಳ್ಳೆಣ್ಣೆಯ ಹಾಗೆ ಹೊಂಬಣ್ಣಕ್ಕೆ ಹೊಳೆಯುತ್ತಿತ್ತು. "ಇದು ತಿನ್ನದೆ ಬಂದವರದ್ದು, ಇದು ನಿನ್ನದು. ನೋಡ್ಕೋ. ನಿಮ್ಮ ದೇವರು ಉಪ್ಪಿಟ್ಟನ್ನ ಕ್ಷಮಿಸ್ತಾನೆ, ಈ ಮೆಷೀನು ಕ್ಷಮಿಸಲ್ಲ." ಆ ಮನುಷ್ಯ ಮುಂದಿನ ವಾರ ನೀರನ್ನೂ ಹೆದರಿ ಹೆದರಿ ಕುಡಿದು ಬಂದಿದ್ದರಂತೆ.

ಸೂಜಿ ಹಾಕುವುದರಲ್ಲಿ ಆಕೆಯ ಕೈ ಎಂದರೆ ಕೈ. ತೆಲುಗಿನವರು ಬಂದರೆ "ಏಮೀ ಲೇದನ್ನಾ, ಚೀಮ ಕುಟ್ಟಿನಟ್ಲೇ" ಅಂತ ಇರುವೆ ಕಚ್ಚುವ ಮಾತು ಹೇಳುತ್ತಿದ್ದರು. ರೇಷ್ಮೆ ನೂಲು ತೆಗೆಯುವ ಸಾಬರು ಬಂದರೆ ಅವರ ಉರ್ದುವಿನಲ್ಲೇ ಮುಷ್ಟಿ ಬಿಗಿ ಮಾಡಿಸುತ್ತಿದ್ದರು. ಮಾತು ಮುಗಿಯುವುದರೊಳಗೆ ಸೂಜಿ ಹೋಗಿ ಬಂದಿರುತ್ತಿತ್ತು. ಎಷ್ಟೋ ಜನ ಹತ್ತಿ ಒತ್ತಿಕೊಂಡ ಮೇಲೆ "ಯಾವಾಗ ಚುಚ್ಚುತ್ತೀರಮ್ಮ?" ಅಂತ ಕೇಳಿದ್ದುಂಟು.

ನಾನು ಮೊದಲ ಸಲ ಅಲ್ಲಿಗೆ ಹೋದಾಗ ನನಗೆ ನಲವತ್ನಾಲ್ಕು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಾನಾಗಿ ಹೋಗಲಿಲ್ಲ, ನನ್ನ ಹೆಂಡತಿ ಎಳೆದುಕೊಂಡು ಹೋದಳು. ಗೆರೆಯಮ್ಮ ನನ್ನ ರಟ್ಟೆಗೆ ರಬ್ಬರ್ ಕಟ್ಟುತ್ತಾ ಕೇಳಿದರು:

"ಮನೇಲಿ ಯಾರಿಗಾದ್ರೂ ಎದೆ ತೊಂದರೆ ಇತ್ತಾ ಮೇಷ್ಟ್ರೇ?"

"ಅಪ್ಪಂಗೆ. ನಲವತ್ತೊಂಬತ್ತಕ್ಕೇ ಹೋಗಿಬಿಟ್ಟರು."

ಬೇರೆಯವರಾಗಿದ್ದರೆ ಅಯ್ಯೋ ಪಾಪ ಅಂತ ಹೇಳಿ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಆಕೆ ರಬ್ಬರ್ ಸಡಿಲ ಮಾಡಿ, ಸ್ಟೂಲ್ ಎಳೆದುಕೊಂಡು ಕೂತು, "ಹೆಂಗಿದ್ರು ನಿಮ್ಮಪ್ಪ?" ಅಂದರು. ಕಾಯಿಲೆ ಹೆಂಗಿತ್ತು ಅಂತಲ್ಲ, ಅಪ್ಪ ಹೆಂಗಿದ್ದರು ಅಂತ. ಸತ್ತವರ ಬಗ್ಗೆ ಹೀಗೆ ಕೇಳುವುದು ಆಕೆಯ ಅಭ್ಯಾಸವೆಂದು ಆಮೇಲೆ ಗೊತ್ತಾಯಿತು. ಅಪ್ಪ ಸತ್ತ ಮೇಲೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

ಅಪ್ಪ ಚಿಕ್ಕಬಳ್ಳಾಪುರ–ಗೌರಿಬಿದನೂರು ಓಡಾಡುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಕಂಚಿನ ಕಂಠ. ತಮ್ಮ ಮನೆ ಮುಂದೆಯೇ ಇಳಿಸಬೇಕೆಂದು ಜನ ಬಾಗಿಲಿಗೆ ಬಂದು ನಿಂತರೆ, "ಇಲ್ಲಿ ಸ್ಟಾಪಿಲ್ಲಾ! ರೈಟ್, ರೈಟ್!" ಎಂದು ಕೂಗುತ್ತಿದ್ದರು. ಆ ಕೂಗಿಗೆ ಕುಡುಮಲಕುಂಟೆಯ ಫ್ಯಾಕ್ಟರಿಗೆ ಹೋಗುವವರು ಸೀಟಿನಲ್ಲಿ ತೂಕಡಿಸುತ್ತಿದ್ದರೂ ಬೆಚ್ಚಿ ಏಳುತ್ತಿದ್ದರು. ಒಂದು ದಿನ ಬೆಳಿಗ್ಗೆ ಎದೆ ಹಿಡಿದಂತಾಯಿತು, ಗ್ಯಾಸು ಅಂದುಕೊಂಡು ಸೋಡಾ ಕುಡಿದರು, ಡ್ಯೂಟಿಗೆ ಹೋದರು. ಸಂಜೆ ಅವರನ್ನು ಬೇರೆಯವರು ಮನೆಗೆ ತಂದರು. ನಾನು ಇದನ್ನೆಲ್ಲ ಹೇಳುತ್ತಾ, ನನಗೇ ಗೊತ್ತಿಲ್ಲದೆ ಅಪ್ಪನ ದನಿಯಲ್ಲೇ ಆ ಕೂಗನ್ನು ಕೂಗಿಬಿಟ್ಟೆ. ಬೆಂಚಿನವರೆಲ್ಲ ಬೆಚ್ಚಿದರು. ಆಕೆ ಗಹಗಹಿಸಿ ನಕ್ಕು, "ಭೇಷ್! ಇಂಥಾ ಅಪ್ಪ ಇದ್ದರು ಅನ್ನಿ" ಎಂದು ಸೂಜಿ ಹಾಕಿದರು. ಅಪ್ಪ ಹುಟ್ಟಿದ, ಹೋದ ತಾರೀಕುಗಳನ್ನೂ ಕೇಳಿ ತಿಳಿದುಕೊಂಡರು.

ನನ್ನ ಎಲ್‌ಡಿಎಲ್ ನೂರಾ ಎಂಬತ್ತೆಂಟು ಬಂತು. ಕೆಟ್ಟ ಕೊಬ್ಬು ಅಂತಾರಲ್ಲ, ರಕ್ತನಾಳದ ಗೋಡೆಗೆ ಮೆತ್ತಿಕೊಳ್ಳುವುದು, ಅದು. ನನ್ನ ವಯಸ್ಸಿಗೆ, ಅದರಲ್ಲೂ ಅಂಥ ಅಪ್ಪನ ಮಗನಿಗೆ, ಬಹಳ ಜಾಸ್ತಿ.

ಈಗ ಗೆರೆಯ ವಿಷಯಕ್ಕೆ ಬರುತ್ತೇನೆ. ಎಲ್ಲ ಲ್ಯಾಬಿನವರೂ ನಂಬರು ಅಚ್ಚಾದ ಕಾಗದ ಕೊಟ್ಟು ಕಳಿಸುತ್ತಾರೆ. ಆಕೆ ಅದರ ಜೊತೆಗೆ ಪ್ರತಿಯೊಬ್ಬರಿಗೂ ಒಂದು ಗ್ರಾಫ್ ಹಾಳೆ ಇಟ್ಟಿದ್ದರು. ನಮ್ಮ ಸ್ಕೂಲಿನ ಮಕ್ಕಳು ಕೊಳ್ಳುವ ಅದೇ ಅಂಗಡಿಯ ಅದೇ ಹಾಳೆ. ಅಡ್ಡಕ್ಕೆ ವಯಸ್ಸು, ಉದ್ದಕ್ಕೆ ಕೊಬ್ಬು. ಪರೀಕ್ಷೆ ಮಾಡಿಸಿದಾಗಲೆಲ್ಲ ಒಂದು ಚುಕ್ಕಿ. ಚುಕ್ಕಿಯಿಂದ ಚುಕ್ಕಿಗೆ ಸ್ಕೇಲಿಟ್ಟು ಹಸಿರು ಶಾಯಿಯ ಗೆರೆ. ಹಾಳೆಗಳನ್ನು ದಪ್ಪ ಪುಸ್ತಕಗಳಿಗೆ ಪಿನ್ ಹೊಡೆದು ಇಟ್ಟುಕೊಂಡಿದ್ದರು. ಊರಿನ ಅರ್ಧ ಜನರ ಎದೆಯ ಜಾತಕ ಅಲ್ಲಿತ್ತು.

ತಮ್ಮದನ್ನೂ ಬಿಟ್ಟಿರಲಿಲ್ಲ. ಅದು ಮಾತ್ರ ಗೋಡೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ. ಗೆರೆ ಎದ್ದ ಕಡೆಗಳಲ್ಲಿ ಕಾರಣ ಬರೆದಿದ್ದರು: "ಅವರೆಕಾಯಿ ಕಾಲ", "ತಂಗಿ ಮಗಳ ಮದುವೆ", ಮತ್ತೆ "ಅವರೆಕಾಯಿ ಕಾಲ". ಹಿತಕಿದ ಅವರೆಬೇಳೆ ಸಾರಿಗೆ ಕಾಯಿ ರುಬ್ಬಿ ಹಾಕಿ, ಮೇಲೆ ಕರಿದ ಬೇಳೆ ಉದುರಿಸಿಕೊಂಡು ತಿನ್ನುವುದು ಆಕೆಯ ದೌರ್ಬಲ್ಯ. "ಏನ್ ಮಾಡಣ ಹೇಳು, ವರ್ಷಕ್ಕೆ ಎರಡು ತಿಂಗಳು ನಾನೂ ಮನುಷ್ಯಳಾಗ್ತೀನಿ" ಎನ್ನುತ್ತಿದ್ದರು.

ನನ್ನ ಹಾಳೆಯಲ್ಲಿ ಮೊದಲ ಚುಕ್ಕಿ ಇಟ್ಟ ದಿನ ಒಳಗೆ ಯಂತ್ರ ಕುಂಯ್ಗುಟ್ಟಿತು, ಆಕೆ ಎದ್ದು ಹೋದರು. ಹಾಳೆ ನನ್ನ ಮುಂದಿತ್ತು. ಅಡ್ಡಗೆರೆಯ ಮೇಲೆ ನಲವತ್ನಾಲ್ಕು, ನಲವತ್ತೈದು, ನಲವತ್ತಾರು ಅಂತ ವಯಸ್ಸುಗಳು ಸಾಲಾಗಿ ನಿಂತಿದ್ದವು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಜೇಬಿನ ಪೆನ್ಸಿಲ್ ತೆಗೆದು ನಲವತ್ತೊಂಬತ್ತರ ಮೇಲೆ ಮೇಲಿಂದ ಕೆಳಕ್ಕೆ ಒಂದು ನೇರ ಗೆರೆ ಎಳೆದುಬಿಟ್ಟೆ. ಅಪ್ಪ ಹೋದಾಗಿನಿಂದ ನನ್ನ ತಲೆಯಲ್ಲಿ ಆ ಗೆರೆ ಇತ್ತು. ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಕೂಡ. ಮಗಳ ಓದು, ಮನೆ ಕಟ್ಟುವುದು, ಎಲ್ಲವನ್ನೂ ಆ ಗೆರೆಯ ಈಚೆಗೇ ಮುಗಿಸಬೇಕೆಂದು ಒಳಗೊಳಗೇ ಆತುರಪಡುತ್ತಿದ್ದೆ. ಆಕೆ ಬರುವುದರೊಳಗೆ ಪೆನ್ಸಿಲ್ ಜೇಬಿಗೆ ಸೇರಿತು. ಹಾಳೆ ಪುಸ್ತಕದೊಳಗೆ ಹೋಯಿತು.

ಮೂರು ತಿಂಗಳು ಬಾಯಿ ಕಟ್ಟಿ, ದಿನಾ ನಡೆದು, ಮತ್ತೆ ಬನ್ನಿ ಎಂದರು. ನಾನೋ, ಮೇಷ್ಟ್ರು. ಪರೀಕ್ಷೆ ಎಂದರೆ ನನಗೆ ಒಂದೇ ಅರ್ಥ: ಕೊನೆಯ ಹತ್ತು ದಿನ ಕೂತು ಓದುವುದು. ಎರಡೂವರೆ ತಿಂಗಳು ಸಂಜೆಯ ಬಜ್ಜಿ, ಬೇಕರಿ ಪಪ್ಸು, ಭಾನುವಾರದ ಬಾಡೂಟ ಯಾವುದಕ್ಕೂ ಅನ್ಯಾಯ ಮಾಡಲಿಲ್ಲ. ಕೊನೆಯ ಹತ್ತು ದಿನ ಮಾತ್ರ ಬರೀ ಸೊಪ್ಪು, ಮುದ್ದೆ, ಉಪ್ಸಾರು. ಬೆಳಿಗ್ಗೆ ಎದ್ದು ಕೆರೆ ಏರಿ ಮೇಲೆ ಓಡಿದ್ದೇ ಓಡಿದ್ದು. ಓದಿದ ಹುಡುಗನ ಧೈರ್ಯದಲ್ಲಿ ಹೋಗಿ ಕೈ ಚಾಚಿದೆ.

ಮಧ್ಯಾಹ್ನ ಕರೆಸಿಕೊಂಡು ಕೂರಿಸಿದರು. "ಮೇಷ್ಟ್ರೇ, ಎಷ್ಟು ದಿನ ಓದಿದ್ರಿ?"

"ಏನಮ್ಮಾ?"

"ನೋಡಿ ಇಲ್ಲಿ. ಈ ಟ್ರೈಗ್ಲಿಸರೈಡ್ ಅನ್ನೋದು ಪುಕ್ಕಲು. ಹತ್ತು ದಿನ ಬಾಯಿ ಕಟ್ಟಿದ್ರೆ ಹೆದರಿ ಇಳಿಯುತ್ತೆ. ನಿಮ್ಮದು ಜರ್ರಂತ ಇಳಿದೈತೆ. ಎಲ್‌ಡಿಎಲ್ ಹಂಗಲ್ಲ, ಅದು ಹಠಮಾರಿ, ಜಾಗ ಬಿಟ್ಟು ಅಲ್ಲಾಡೇ ಇಲ್ಲ. ಮೂರು ತಿಂಗಳು ನೆಟ್ಟಗಿದ್ದಿದ್ರೆ ಅದೂ ಒಂದಿಷ್ಟು ಇಳೀಬೇಕಿತ್ತು. ಕೊನೇ ದಿನ ಉರು ಹೊಡೆದ ಹುಡುಗನ್ನ ನೀವು ಹೆಂಗೆ ಹಿಡೀತೀರಿ? ಉರು ಹೊಡೆದಿದ್ದು ಸರಿ ಬರೆದು, ಬುಡದಿಂದ ಕಲೀಬೇಕಾದ್ದು ತಪ್ಪು ಮಾಡಿರ್ತಾನಲ್ಲ, ಹಂಗೆ ಹಿಡಿದೆ ನಿಮ್ಮನ್ನ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪಕ್ಕದಲ್ಲಿದ್ದ ನನ್ನ ಹೆಂಡತಿ, "ಚೆನ್ನಾಗಿ ಕೇಳಿ ಅಮ್ಮ, ನಮ್ಮ ಮಾತು ಎಲ್ಲಿ ಕೇಳ್ತಾರೆ" ಎಂದು ಎಣ್ಣೆ ಸುರಿದಳು. ಆದರೆ ನನ್ನ ಕಣ್ಣು ಹಾಳೆಯ ಮೇಲೆಯೇ ಇತ್ತು. ನಲವತ್ತೊಂಬತ್ತರ ಮೇಲಿದ್ದ ನನ್ನ ಪೆನ್ಸಿಲ್ ಗೆರೆ ಕಾಣಿಸಲಿಲ್ಲ. ಕೈತಪ್ಪಿ ಬಿದ್ದ ಗೀಟು ಅಂದುಕೊಂಡು ಒರೆಸಿರಬೇಕು, ಸದ್ಯ ಬದುಕಿದೆ ಎಂದುಕೊಂಡು ನಾನೂ ಸುಮ್ಮನಾದೆ.

ಔಷಧಿಯ ಮಾತು ಆಕೆ ಯಾವತ್ತೂ ಆಡುತ್ತಿರಲಿಲ್ಲ. "ಮಾತ್ರೆ ಡಾಕ್ಟರು ಹೇಳ್ಬೇಕು, ಗೆರೆ ನಾನು ಎಳೀತೀನಿ" ಎಂದು ಚಿಕ್ಕಬಳ್ಳಾಪುರದ ಒಬ್ಬ ಡಾಕ್ಟರ ಹತ್ತಿರ ಅಟ್ಟಿದರು. ಅವರು ದಿನಾ ಒಂದು ಮಾತ್ರೆ ಬರೆದುಕೊಟ್ಟರು. ಕೆಲವೇ ತಿಂಗಳಲ್ಲಿ ನನ್ನ ಎಲ್‌ಡಿಎಲ್ ನೂರರ ಕೆಳಗೆ ಬಂತು. ಹಸಿರು ಗೆರೆ ಜಾರುಬಂಡೆಯ ಹಾಗೆ ಇಳಿದಿತ್ತು. ನನ್ನ ಖುಷಿ ಏನು ಕೇಳುತ್ತೀರಿ! ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ರಿಪೋರ್ಟು ತೋರಿಸಿದೆ. ಪಾಸಾದ ಮೇಲೆ ಪುಸ್ತಕ ಯಾರು ಓದುತ್ತಾರೆ? ಮಾತ್ರೆ ನಿಲ್ಲಿಸಿದೆ. ಡಾಕ್ಟರನ್ನು ಕೇಳಲಿಲ್ಲ, ಆಕೆಗೆ ಹೇಳಲಿಲ್ಲ. ವಾಸಿಯಾದ ರೋಗಕ್ಕೆ ಔಷಧಿ ಯಾಕೆ ಎನ್ನುವುದು ನನ್ನ ಗಣಿತ.

ಆರು ತಿಂಗಳ ಮೇಲೆ ಹೋದಾಗ ನಂಬರು ಮತ್ತೆ ಮೊದಲಿನ ಜಾಗಕ್ಕೇ ಬಂದು ಕೂತಿತ್ತು. ಬೈಗುಳಕ್ಕೆ ತಯಾರಾಗಿ ಕೂತೆ. ಆಕೆ ಬೈಯಲಿಲ್ಲ. ಪರದೆ ಎಳೆದು, ಮೇಜಿನ ಕೆಳಗಿನ ಡ್ರಾಯರಿನಿಂದ ಅಂಚು ಸವೆದ ಒಂದು ಹಳೆಯ ಪುಸ್ತಕ ತೆಗೆದು, ಮೊದಲನೆಯ ಹಾಳೆ ಬಿಚ್ಚಿ ನನ್ನ ಮುಂದಿಟ್ಟರು. ಆ ಹಾಳೆಯಲ್ಲಿ ಗೆರೆಯೇ ಇರಲಿಲ್ಲ. ಒಂದೇ ಒಂದು ಚುಕ್ಕಿ. ಅದೂ ಸಾಕಷ್ಟು ಮೇಲೆ.

"ಇದು ನಮ್ಮ ಯಜಮಾನರದ್ದು" ಎಂದರು.

ಗಂಡ ಇಲ್ಲೇ ಸೈಕಲ್ ಷಾಪ್ ಇಟ್ಟುಕೊಂಡಿದ್ದವರು. ಕಡ್ಡಿಯಂಥ ಮನುಷ್ಯ, ದಿಬ್ಬೂರಹಳ್ಳಿಗೆ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದವರು. ಲ್ಯಾಬ್ ಶುರು ಮಾಡಿದ ದಿನ ಬೋಣಿಗೆ ಅಂತ ಮೊದಲ ರಕ್ತ ಅವರದ್ದೇ ತೆಗೆದರಂತೆ. ಕೊಲೆಸ್ಟ್ರಾಲ್ ಜೋರಾಗಿ ಬಂತು. ಗಂಡ ನಕ್ಕರು: "ಹೊಸ ಮೆಷೀನು ಕಣೇ, ಇನ್ನೂ ಪಳಗಿಲ್ಲ. ನನ್ನಂಥ ಸಣಕಲನಿಗೆ ಎಲ್ಲಿಂದ ಬರುತ್ತೆ ಕೊಬ್ಬು?" ಆಕೆಗೂ ಹಾಗೇ ಅನ್ನಿಸಿತು. ಬೋಣಿಯ ದಿನ, ಪೂಜೆ ಮಾಡಿದ ಯಂತ್ರ, ಕುಂಕುಮ ಕೂಡ ಆರಿರಲಿಲ್ಲ. ಇನ್ನೊಂದು ಸಲ ಮಾಡಿದರಾಯಿತು ಅಂದುಕೊಂಡರು. ಆ ಇನ್ನೊಂದು ಸಲ ಬರಲಿಲ್ಲ. ಮೂರನೇ ವರ್ಷ ಅಂಗಡಿಯಲ್ಲೇ ಪಂಪು ಹಿಡಿದುಕೊಂಡು ಕುಸಿದರಂತೆ.

"ಮೆಷೀನು ಸರಿಯಾಗೇ ಇತ್ತು" ಎಂದರು ಆಕೆ. ಆಮೇಲೆ ಆ ಚುಕ್ಕಿಯ ಮೇಲೆ ಬೆರಳಿಟ್ಟು ನನ್ನನ್ನು ಕೇಳಿದರು: "ಗಣಿತದ ಮೇಷ್ಟ್ರು ನೀವು. ಒಂದೇ ಚುಕ್ಕಿಯಿಂದ ಗೆರೆ ಎಳೆಯಕ್ಕೆ ಆಗುತ್ತಾ ಹೇಳಿ."

ಆಗುವುದಿಲ್ಲ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ, ಗೆರೆಗೆ ಕನಿಷ್ಠ ಎರಡು ಬಿಂದು ಬೇಕು. ನನಗೆ ಅಳು ಬಂತು, ಮುಚ್ಚುಮರೆ ಏನು. ಆಕೆ ಮಾತ್ರ ಕಣ್ಣಲ್ಲಿ ನೀರು ತರಲಿಲ್ಲ. "ನಿಮಗೆ ನಾಲ್ಕು ಚುಕ್ಕಿ ಸಿಕ್ಕಿದಾವೆ. ಅದು ಪುಣ್ಯ ಅಂದ್ಕೊಳ್ಳಿ" ಎಂದು ಒಂದು ಕೆಂಪು ಪೆನ್ಸಿಲ್ ತೆಗೆದರು.

ನನ್ನ ಹಾಳೆಯಲ್ಲಿ ಗೆರೆಯ ಕೆಳಗಿನ ಜಾಗವನ್ನೆಲ್ಲ ಕೆಂಪು ಬಳಿಯತೊಡಗಿದರು. ಗೆರೆ ಮೇಲಿದ್ದ ಕಡೆ ದಪ್ಪ ಕೆಂಪು ಗೋಡೆ. ಮಾತ್ರೆ ತೆಗೆದುಕೊಂಡಿದ್ದ ತಿಂಗಳುಗಳಲ್ಲಿ ಮಾತ್ರ ತೆಳ್ಳನೆಯ ಪಟ್ಟಿ. ಮತ್ತೆ ದಪ್ಪ. ಆಮೇಲೆ ನಲವತ್ನಾಲ್ಕರ ಎಡಗಡೆಗೂ, ಪರೀಕ್ಷೆಯನ್ನೇ ಮಾಡಿಸದಿದ್ದ ವರ್ಷಗಳಿಗೂ, ಮೆಲ್ಲಗೆ ಬಳಿದರು. "ಇಲ್ಲೂ ಇತ್ತು. ನಾವು ನೋಡಿರಲಿಲ್ಲ ಅಷ್ಟೇ."

"ಇಷ್ಟೊಂದಾ?" ಅಂದೆ.

"ನಮ್ಮ ಮನೇಲಿ ರೇಷ್ಮೆ ಹುಳ ಸಾಕ್ತಾರೆ ಮೇಷ್ಟ್ರೇ. ಗೂಡು ಕಟ್ಟೋ ದಿನ ಗಂಪೆಗಟ್ಟಲೆ ಸೊಪ್ಪು ಸುರಿದ್ರೆ ಗೂಡು ದಪ್ಪ ಆಗುತ್ತಾ? ಇಲ್ಲ. ಮೊದಲನೇ ದಿನದಿಂದ ತಿಂದಿದ್ದೆಲ್ಲಾ ಸೇರಿನೇ ಗೂಡಾಗೋದು. ಎದೆಯೊಳಗೂ ಹಂಗೇ. ಪರೀಕ್ಷೆ ದಿನದ ನಂಬರು ಎದೆ ಒಡೆಯಲ್ಲ. ವರ್ಷವರ್ಷಾನೂ ಬಿದ್ದಿದ್ದು ಸೇರಿ ಸೇರಿ, ಒಂದು ದಿನ ದಾರಿ ಮುಚ್ಚುತ್ತೆ. ಈ ಜಾಗಕ್ಕೆ ನಿಮ್ಮ ಗಣಿತದಲ್ಲಿ ಏನಂತಾರೆ?"

"ವಿಸ್ತೀರ್ಣ."

"ಹಾ, ಅದೇ. ಎದೆ ಲೆಕ್ಕ ಇಟ್ಕೊಳ್ಳೋದು ಗೆರೆಯಲ್ಲ, ವಿಸ್ತೀರ್ಣ. ಬಳಿದಿದ್ದನ್ನ ಪೂರ್ತಿ ಒರೆಸಕ್ಕೆ ಆಗಲ್ಲ. ಆದ್ರೆ ಇನ್ಮುಂದೆ ತೆಳ್ಳಗೆ ಬಳಿಯೋದು ನಿಮ್ಮ ಕೈಲೇ ಐತೆ. ಎಷ್ಟು ಬೇಗ ಇಳಿಸ್ತೀರೋ, ಎಷ್ಟು ದಿನ ಕೆಳಗೇ ಇಟ್ಕೋತೀರೋ, ಅಷ್ಟು ಲಾಭ."

ಹತ್ತನೇ ಕ್ಲಾಸಿಗೆ ಗ್ರಾಫ್ ಹೇಳಿಕೊಡುವ ನನಗೆ, ಗ್ರಾಫ್ ಎಂದರೇನು ಅಂತ ಅವತ್ತು ಅರ್ಥವಾಯಿತು. ಮನೆಗೆ ಹೋದವನೇ ಮಾತ್ರೆ ಹುಡುಕಿ ನುಂಗಿದೆ. ಮರುದಿನ ಚಿಕ್ಕಬಳ್ಳಾಪುರಕ್ಕೆ ಹೋಗಿ ಡಾಕ್ಟರ ಹತ್ತಿರ ತಪ್ಪೊಪ್ಪಿಕೊಂಡು ಬಂದೆ. ಅವತ್ತಿನಿಂದ ಇವತ್ತಿನವರೆಗೆ ಒಂದು ದಿನವೂ ಬಿಟ್ಟಿಲ್ಲ.

ನನ್ನ ಮಗಳಿಗೆ ಆಗ ಹದಿನಾರು. "ಇದು ಅಪ್ಪನಿಂದ ಮಗನಿಗೆ ಬಂದಿರೋದು. ಮಗಳನ್ನೂ ಒಂದು ಸಲ ಕರ್ಕೊಂಬನ್ನಿ" ಎಂದರು ಗೆರೆಯಮ್ಮ. ಅವಳದೂ ವಯಸ್ಸಿಗೆ ತುಸು ಹೆಚ್ಚೇ ಇತ್ತು. ನಾನು ಪೆಚ್ಚಾದೆ. ಆಕೆ ಮಾತ್ರ ಲಾಟರಿ ಹೊಡೆದವರ ಹಾಗೆ ಚಪ್ಪಾಳೆ ತಟ್ಟಿದರು. "ಹದಿನಾರಕ್ಕೇ ಸಿಕ್ಕಿತಲ್ಲಪ್ಪಾ! ಇವಳದ್ದು ಶುರುವಿಂದಲೇ ತೆಳ್ಳಗೆ ಬಳಿಯಣ. ಏನಮ್ಮಾ, ಪಪ್ಸ್ ಬಿಡ್ತೀಯಾ?" ಮಗಳು ಗಂಭೀರವಾಗಿ, "ಅಪ್ಪ ಬಿಟ್ರೆ ಬಿಡ್ತೀನಿ ಆಂಟಿ. ನಂಗೆ ತಂದ್ಕೊಡೋದೇ ಅವ್ರು" ಎಂದು ನನ್ನ ಮಾನ ಕಳೆದಳು.

ಆಮೇಲಿನ ವರ್ಷಗಳು ನಿಜಕ್ಕೂ ಮಜವಾಗಿದ್ದವು. ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯುವವರಲ್ಲಿ ಅರ್ಧಕ್ಕರ್ಧ ಗೆರೆಯಮ್ಮನ ಗಿರಾಕಿಗಳು. ಗುಡ್ ಮಾರ್ನಿಂಗ್ ಎನ್ನುವ ಬದಲು, "ಗೆರೆ ಹೆಂಗೈತೆ ಸಾರ್?" ಎಂದು ಕೇಳಿಕೊಳ್ಳುವುದು ಅಲ್ಲಿ ರೂಢಿಯಾಯಿತು. "ಇಳಿಮುಖ, ಇಳಿಮುಖ!" ಎಂದು ಕೈ ಬೀಸಿ ಮುಂದೆ ಹೋಗುವುದು. ಯುಗಾದಿಯ ಮರುದಿನ ವರ್ಷತೊಡಕಿಗೆ ಊರೆಲ್ಲ ಬಾಡೂಟದ ಘಮ ತುಂಬಿರುವಾಗ ಆಕೆ ಬೇಕೆಂದೇ ಓಣಿಯಲ್ಲಿ ಒಂದು ಸುತ್ತು ಬರುತ್ತಿದ್ದರು. ಕೈಯಲ್ಲಿ ಒಂದು ಖಾಲಿ ನಳಿಕೆ. ಏನೂ ಮಾತಾಡುತ್ತಿರಲಿಲ್ಲ, ಎಲ್ಲರಿಗೂ ಅದನ್ನು ತೋರಿಸಿ ಕಣ್ಣು ಹೊಡೆಯುತ್ತಿದ್ದರು ಅಷ್ಟೇ. ಎರಡನೇ ಸಲ ಬಡಿಸಿಕೊಳ್ಳಲು ಹೊರಟವರ ಸೌಟು ಅಲ್ಲೇ ನಿಲ್ಲುತ್ತಿತ್ತು. ಆಮೇಲೆ ಯಾರದೋ ಮನೆಯ ಜಗುಲಿಯಲ್ಲಿ ಕೂತು ಎರಡು ತುಂಡು ತಾವೂ ತಿಂದು ಬರುತ್ತಿದ್ದರೆಂಬುದು ಬೇರೆ ಮಾತು.

ನನಗೆ ನಲವತ್ತೊಂಬತ್ತು ತುಂಬಿತು. ಗೆರೆ ಕೆಳಗಿದೆ, ಡಾಕ್ಟರು ಚೆನ್ನಾಗಿದೆ ಎಂದಿದ್ದಾರೆ, ಆದರೂ ಆ ವರ್ಷವಿಡೀ ನನ್ನ ಎದೆಯೊಳಗೆ ಅವಲಕ್ಕಿ ಕುಟ್ಟುತ್ತಿತ್ತು. ಬಸ್ಸಿನ ಹಾರ್ನ್ ಕೇಳಿದರೂ ಬೆಚ್ಚುತ್ತಿದ್ದೆ. ಗಣಿತದ ಮೇಷ್ಟ್ರಲ್ಲವೇ, ಅಪ್ಪ ಬದುಕಿದ್ದ ವರ್ಷ, ತಿಂಗಳು, ದಿನಗಳನ್ನು ಕೂಡಿ, ನಾನು ಅಪ್ಪನಿಗಿಂತ ಒಂದು ದಿನ ದೊಡ್ಡವನಾಗುವ ದಿನ ಯಾವುದು ಅಂತ ಗುಟ್ಟಾಗಿ ಲೆಕ್ಕ ಹಾಕಿಟ್ಟುಕೊಂಡಿದ್ದೆ. ಆ ದಿನ ಬಂದದ್ದು ಹೋದ ತಿಂಗಳು, ಒಂದು ಮಂಗಳವಾರ.

ಏನೂ ಆಗಲಿಲ್ಲ. ಎದ್ದೆ, ಕೆರೆ ಏರಿ ಸುತ್ತಿದೆ, ಸ್ನಾನ ಮಾಡಿದೆ, ಸ್ಕೂಲಿಗೆ ಹೋದೆ. ಹತ್ತನೇ ಕ್ಲಾಸಿಗೆ ಗ್ರಾಫ್ ಪಾಠ ಮಾಡಿದೆ. ಮಧ್ಯಾಹ್ನ ಹಸಿವಾಯಿತು, ಡಬ್ಬಿ ಖಾಲಿ ಮಾಡಿದೆ. ಸಂಜೆ ಬೆಲ್ ಹೊಡೆದಾಗ ಒಮ್ಮೆಗೇ ಮೈ ಹಗುರವಾಯಿತು. ಯಾರಿಗಾದರೂ ಹೇಳಬೇಕು, ಆದರೆ ಯಾರಿಗೆ? ಕಾಲು ತಾನಾಗಿ ಆ ಓಣಿಗೆ ತಿರುಗಿತು.

ಲ್ಯಾಬಿನಲ್ಲಿ ಬೆಂಚು ಖಾಲಿ. ಯಂತ್ರಗಳನ್ನು ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು. ಆಕೆ ನೆಲದ ಮೇಲೆ ಕೂತು, ಪುಸ್ತಕಗಳಿಂದ ಪಿನ್ ಕಿತ್ತು ಹಾಳೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಯಾರ ಗೆರೆ ಅವರ ಕೈಗೇ ಕೊಟ್ಟುಹೋಗಬೇಕು, ಮುಂದೆ ಎಲ್ಲಿ ಪರೀಕ್ಷೆ ಮಾಡಿಸಿದರೂ ಅವರವರೇ ಚುಕ್ಕಿ ಇಟ್ಟುಕೊಳ್ಳಲಿ ಎಂಬುದು ಆಕೆಯ ಹಟ.

"ಬನ್ನಿ ಮೇಷ್ಟ್ರೇ. ಒಪ್ಪೊತ್ತೋ, ಉಪವಾಸಾನೋ?"

"ಹೊಟ್ಟೆ ತುಂಬಾ ಊಟ ಮಾಡಿ ಬಂದಿದೀನಿ" ಅಂದೆ.

"ಇವತ್ತು ಮಾಡ್ಲೇಬೇಕು" ಎಂದರು. ನಾನಿನ್ನೂ ಏನೂ ಹೇಳಿರಲಿಲ್ಲ.

ನನ್ನ ಹಾಳೆ ಮೇಲೆಯೇ ಇತ್ತು, ತೆಗೆದು ಕೈಗೆ ಕೊಟ್ಟರು. ಕೊಬ್ಬಿದ ಕೆಂಪು ಗೋಡೆ, ಆಮೇಲೆ ವರ್ಷಗಟ್ಟಲೆ ಉದ್ದಕ್ಕೆ ಹರಿದ ತೆಳು ಕೆಂಪು ಪಟ್ಟಿ. ಹಾಳೆ ಐವತ್ತಕ್ಕೆ ಮುಗಿದಿರಬೇಕಿತ್ತು. ಮುಗಿದಿರಲಿಲ್ಲ. ಅದರ ಅಂಚಿಗೆ ಇನ್ನೊಂದು ಗ್ರಾಫ್ ಹಾಳೆ ಅಂಟಿಸಿದ್ದರು, ಅದಕ್ಕೆ ಮತ್ತೊಂದು, ಮಗದೊಂದು. ಬಿಡಿಸುತ್ತಾ ಹೋದೆ, ಬೆಂಚಿನ ಈ ತುದಿಯಿಂದ ಆ ತುದಿಗೆ ಮುಟ್ಟಿತು. ವಯಸ್ಸುಗಳನ್ನೂ ಬರೆದಿದ್ದರು, ತೊಂಬತ್ತರವರೆಗೆ.

"ಸಾಕಾಗಲಿಲ್ಲ ಅಂದ್ರೆ ಗೋಂದು ಅಲ್ಲೇ ಐತೆ ನೋಡಿ" ಎಂದರು.

ನಗುತ್ತಾ ಹಾಳೆ ಮಡಚಲು ಹೋದವನು ಹಿಂಭಾಗ ನೋಡಿದೆ. ಇಷ್ಟು ವರ್ಷ ಪುಸ್ತಕಕ್ಕೆ ಪಿನ್ ಹೊಡೆದು ಮುಚ್ಚಿದ್ದ ಮಗ್ಗುಲು ಅದು. ಅಲ್ಲಿ ಹಸಿರು ಶಾಯಿಯಲ್ಲಿ ನಾಲ್ಕು ಸಾಲು, ಕೆಳಗೆ ತಾರೀಕು. ನಾನು ಮೊದಲ ಸಲ ರಕ್ತ ಕೊಟ್ಟ ದಿನದ ತಾರೀಕು.

"ಇವತ್ತು ಮೇಷ್ಟ್ರು ನಲವತ್ತೊಂಬತ್ತರ ಮೇಲೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದು ಹೋಗಿದ್ದಾರೆ. ನಾನು ಯಾರ ಹಾಳೆಯಲ್ಲೂ ಏನನ್ನೂ ಒರೆಸಿದವಳಲ್ಲ. ಇದೊಂದನ್ನು ಒರೆಸಿದ್ದೇನೆ. ಅಲ್ಲಿ ಸ್ಟಾಪಿಲ್ಲ. ರೈಟ್, ರೈಟ್."